ತಾಡಪತ್ರಿ ಕನ್ವರ್ಟಿಬಲ್

ಬರೆಯದೆ ತುಂಬಾ ದಿನ ಆಯ್ತು. ಕಾರಣ ಕೇಳಿದ್ರೆ ನಗ್ತೀರಿ. ಕಳೆದ ಎಂಟು ತಿಂಗಳಿಂದ ಆಫೀಸು ಬಿಟ್ಟು ಉಳಿದ ಹೊತ್ತೆಲ್ಲ ಒಂದು ಕಾರು ಹುಡುಕೋದ್ರಲ್ಲೇ ಹೋಯ್ತು. ಕಾರು ಅಂದ್ರೆ ಸುಮ್ನೆ ಕಾರಲ್ಲ. ಮೇಲೆ ಮುಚ್ಚಳ ಇರಬಾರದು, ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗಬೇಕು, ನೋಡಿದವರು ಒಂದ್ಸಲ ತಿರುಗಿ ನೋಡಬೇಕು. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಬಜೆಟ್ಟು ನಾಲ್ಕು ಲಕ್ಷ, ರಿಪೇರಿ ಸೇರಿಸಿ.

ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಂದೇ ಪ್ರಶ್ನೆ: "ಮಳಿ ಬಂದ್ರ ಏನ್ ಮಾಡ್ತಿ?"

ಹುಚ್ಚು ಹತ್ತಿದ್ದು ಹೀಗೆ. ನಮ್ಮ ಟೀಮಿನವನೊಬ್ಬ ಅಮೆರಿಕಕ್ಕೆ ಹೋಗಿ ವರ್ಷ ತುಂಬೋದ್ರೊಳಗೆ ಹಳೇ ಮಜ್ದಾ ಮಿಯಾಟಾ ಒಂದನ್ನ ತಗೊಂಡ. ಕೊಟ್ಟಿದ್ದು ನಮ್ಮ ದುಡ್ಡಲ್ಲಿ ನಾಲ್ಕು ಲಕ್ಷಕ್ಕಿಂತ ಕಡಿಮೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಪುಟ್ಟ ಎರಡು ಸೀಟಿನ ಕಾರು ಅದು. 1.6 ಲೀಟರ್ ಎಂಜಿನ್, ತೂಕ ಒಂದು ಟನ್ನಿಗೂ ಕಡಿಮೆ. 1960ರ ದಶಕದ ಇಂಗ್ಲಿಷ್ ಲೋಟಸ್ ಎಲಾನ್ ನೆನಪಿಸುವ ಆಕಾರ, ಆದರೆ ದಿನಾ ಬೆಳಿಗ್ಗೆ ಸ್ಟಾರ್ಟ್ ಆಗುವ ಜಪಾನೀ ಗುಣ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೇ ಗಾಡಿ ಹೊರಬಿತ್ತು. ಹತ್ತು ಲಕ್ಷ ಗಾಡಿ ಇದ್ದ ಮೇಲೆ ಹಳೇದು ಸೋವಿಗೆ ಸಿಗಲೇಬೇಕಲ್ಲ! ಅಲ್ಲಿ ಕಾಲೇಜು ಹುಡುಗರೂ ಇಟ್ಕೊಂಡಿರ್ತಾರಂತೆ.

ಇಲ್ಲಿ? ಮಜ್ದಾ ಈ ಕಾರನ್ನ ಭಾರತದಲ್ಲಿ ಮಾರಲೇ ಇಲ್ಲ. ಹಳೇದನ್ನ ತರಿಸೋಣ ಅಂದ್ರೆ, 2001ರ ಏಪ್ರಿಲ್‌ನಲ್ಲಿ ಬಳಸಿದ ಕಾರಿನ ಆಮದಿಗೆ ಬಾಗಿಲು ತೆರೆದಾಗಲೇ ಷರತ್ತು ಹಾಕಿಟ್ಟಿದ್ದಾರೆ: ಕಾರು ಮೂರು ವರ್ಷಕ್ಕಿಂತ ಹಳೇದಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಮೇಲೆ ಕಾರಿನ ಬೆಲೆಗಿಂತ ಜಾಸ್ತಿ ಸುಂಕ. ಹಾಗಂತ ತೀರಾ ಮುದುಕ ಕಾರಿಗೆ ದಾರಿ ಇದೆ. 50 ವರ್ಷ ದಾಟಿದ ವಿಂಟೇಜ್ ಗಾಡಿ ತರಬಹುದು ಅಂತ 2025ರಲ್ಲಿ ನಿಯಮ ಸಡಿಲಾಯ್ತು. ಲೆಕ್ಕ ಹಾಕಿದೆ. 1990ರ ಮಿಯಾಟಾ ನನ್ನ ಮನೆಗೆ ಬರಬೇಕಾದ್ರೆ 2040 ಆಗಬೇಕು. ಅಷ್ಟೊತ್ತಿಗೆ ಅಷ್ಟು ತಗ್ಗಿನ ಸೀಟಿನಿಂದ ಎದ್ದು ಬರೋಕೆ ನನ್ನ ಮೊಣಕಾಲು ಒಪ್ಪಬೇಕಲ್ಲ :-)

ಬೆಂಗಳೂರಿನಲ್ಲಿ ಹಳೇ ಬಿಎಂಡಬ್ಲ್ಯೂ ಝಡ್4, ಬೆಂಝ್ ಎಸ್ಎಲ್ಕೆ ಇವೆ. ನೋಡಿ ಬಂದೆ. ಗಾಡಿ ಬೆಲೆ ಬಿಡಿ, ಅದರ ಮಡಚುವ ಚಾವಣಿಯ ಹೈಡ್ರಾಲಿಕ್ ಪಂಪು ಕೆಟ್ರೆ ನನ್ನ ಬಜೆಟ್ಟಿನ ಅರ್ಧ ಅಲ್ಲೇ ಮುಗೀತು. ಹೀಗೆ ಸೋತು ಕೂತಾಗಲೇ ಒಂದು ಪ್ರಶ್ನೆ ತಲೆಗೆ ಹೊಕ್ಕಿದ್ದು. ನಮ್ಮ ಕಡೆ ತೆರೆದ ಕಾರು ಇರಲೇ ಇಲ್ವಾ? ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ರಸ್ತೆ ಮೇಲೆ ತಲೆ ಮೇಲೆ ಆಕಾಶ ಇಟ್ಕೊಂಡು ಯಾರೂ ಓಡಾಡಲೇ ಇಲ್ವಾ?

ಓಡಾಡಿದ್ರು. ಅಷ್ಟೇ ಅಲ್ಲ, ಮೊದಲಿಗೆ ಎಲ್ರೂ ಹಾಗೇ ಓಡಾಡಿದ್ದು.

ಕಾರು ಅನ್ನೋದು ಹುಟ್ಟಿದ್ದೇ ತೆರೆದ ಗಾಡಿಯಾಗಿ. ಫೋರ್ಡಿನ ಟಿ ಮಾಡೆಲ್ 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯ್ತು. ಅದರ ಅತಿ ಪರಿಚಿತ ರೂಪ ಟೂರರ್, ಅಂದ್ರೆ ಪಕ್ಕದಲ್ಲಿ ಗಾಜಿಲ್ಲ, ಮೇಲೆ ಕ್ಯಾನ್ವಾಸು. ಚಾವಣಿ ಇರೋ ಕಾರು ಆಗ ಶ್ರೀಮಂತರ ಶೋಕಿ, ತೆರೆದ ಕಾರು ಬಡವನ ಪಾಲು. 1920ರ ದಶಕದಲ್ಲಿ ಉಕ್ಕಿನ ಮೈಯನ್ನ ಅಚ್ಚೊತ್ತಿ ಅಗ್ಗಕ್ಕೆ ಮಾಡೋದು ಕಲಿತ ಮೇಲೆ ಈ ಲೆಕ್ಕ ತಿರುಗುಮುರುಗಾಯ್ತು. ಹಿಂದಿನ ಚಕ್ರ ತಿರುಗೋದರಲ್ಲೂ ವಿಶೇಷ ಏನಿಲ್ಲ, ಆಗ ಹೆಚ್ಚುಕಡಿಮೆ ಎಲ್ಲಾ ಕಾರೂ ಹಾಗೇ. ನಡೆಸುವ ಚಕ್ರವೇ ಹೊರಳಲೂಬೇಕು ಅಂದ್ರೆ ಅದಕ್ಕೆ ಬೇಕಾದ ಜಾಯಿಂಟು ಮಾಡೋದು ಕಷ್ಟ. ಹೊರಳೋ ಕೆಲಸ ಮುಂದಿನವಕ್ಕೆ, ತಳ್ಳೋ ಕೆಲಸ ಹಿಂದಿನವಕ್ಕೆ ಅಂತ ಹಂಚಿಬಿಟ್ಟಿದ್ರು. (ನಮ್ಮ ಎತ್ತಿನ ಬಂಡಿ ಮಾತ್ರ ಮೊದಲಿಂದಲೂ ಫ್ರಂಟ್ ಡ್ರೈವು, ಮುಂದಿಂದಲೇ ಎಳೆಯೋದು, ಮುಂದಿಂದಲೇ ಹೊರಳೋದು. ಮಾರುತಿಗಿಂತ ನಾವು ಎಷ್ಟೋ ಮುಂದೆ!)

ಆಗ ಹಾವೇರಿ, ರಾಣೇಬೆನ್ನೂರು ಎಲ್ಲ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ತುಂಗಭದ್ರೆ ದಾಟಿ ಹರಿಹರಕ್ಕೆ ಹೋದ್ರೆ ಮೈಸೂರು ಸಂಸ್ಥಾನ. 1928ರಿಂದ ಜನರಲ್ ಮೋಟಾರ್ಸ್ ಮುಂಬೈಯಲ್ಲೇ ಶೆವರ್ಲೆ ಜೋಡಿಸೋಕೆ ಶುರು ಮಾಡ್ತು. ನಮ್ಮ ಸೀಮೆಯ ಹತ್ತಿ ಹೋಗುತ್ತಿದ್ದುದೂ ಮುಂಬೈಗೇ, ಮೋಟಾರು ಬರುತ್ತಿದ್ದುದೂ ಅಲ್ಲಿಂದಲೇ.

ನಿಜವಾದ ತಿರುವು ಎರಡನೇ ಮಹಾಯುದ್ಧದ್ದು. ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದ್ವು. 2.2 ಲೀಟರ್ ಪೆಟ್ರೋಲ್ ಎಂಜಿನ್, 60 ಎಚ್‌ಪಿ, ಮೇಲೊಂದು ಕ್ಯಾನ್ವಾಸ್, ಮುಂದಿನ ಗಾಜನ್ನೂ ಬಾನೆಟ್ ಮೇಲೆ ಮಲಗಿಸಬಹುದು. ಯುದ್ಧ ಮುಗಿದಾಗ ಒಂದು ತಮಾಷೆಯ ಕೊಡುಕೊಳ್ಳುವಿಕೆ ನಡೀತು. ಇಂಗ್ಲೆಂಡಿನಲ್ಲಿದ್ದ ಅಮೆರಿಕನ್ ಸೈನಿಕರು ಅಲ್ಲಿನ ಪುಟ್ಟ ಎಂಜಿ ಸ್ಪೋರ್ಟ್ಸ್ ಕಾರಿಗೆ ಮರುಳಾದ್ರು, ಅದರ ರುಚಿಯನ್ನ ಊರಿಗೆ ಒಯ್ದರು. ಆ ರುಚಿಯ ಮರಿಮಗನೇ ಮಿಯಾಟಾ. ಅದೇ ಹೊತ್ತಿಗೆ ಅಮೆರಿಕನ್ನರು ಬಿಟ್ಟುಹೋದ ಜೀಪುಗಳು ಏಷ್ಯಾದ ತುಂಬ ಹರಾಜಿಗೆ ನಿಂತವು. ಅವರಿಗೆ ಎಂಜಿ ಸಿಕ್ತು, ನಮಗೆ ಜೀಪು ಸಿಕ್ತು.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋ ಗೆಳೆಯರೆಲ್ಲ ಒಂದು ಕತೆ ಓದಲೇಬೇಕು. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೀತಿತ್ತು, ಸೈನ್ಯಕ್ಕೆ ಜೀಪು ತುರ್ತಾಗಿ ಬೇಕಿತ್ತು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಹಳೇ ಜೀಪುಗಳನ್ನ ದುರಸ್ತಿ ಮಾಡಿ ಕೊಡ್ತೀವಿ ಅಂದ ಒಂದು ವಿದೇಶಿ ಕಂಪನಿಯ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡ್ರು. ದುಡ್ಡಿನ ದೊಡ್ಡ ಪಾಲು ಮುಂಗಡವಾಗಿ ಹೋಯ್ತು. ಬಂದಿದ್ದು 155 ಜೀಪು, ಅವನ್ನ ನೋಡಿ ಸೈನ್ಯ ಬೇಡ ಅಂತು. ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಗಲಾಟೆ ನಡೆದು 1955ರಲ್ಲಿ ಸರ್ಕಾರ ಪ್ರಕರಣ ಮುಗೀತು ಅಂತ ಮುಚ್ಚಿಹಾಕಿತು. ಸ್ವತಂತ್ರ ಭಾರತದ ಮೊದಲ ಹಗರಣಗಳ ಪಟ್ಟಿಯಲ್ಲಿ ಇದು ಯಾವಾಗಲೂ ಬರುತ್ತೆ. ನನಗೆ ಮಾತ್ರ ಅದು ಗಾಡಿ ನೋಡದೆ ಅಡ್ವಾನ್ಸ್ ಕೊಟ್ಟ ಕತೆಯಾಗಿಯೇ ಕಾಣಿಸೋದು. ಒಎಲ್ಎಕ್ಸ್‌ನಲ್ಲಿ "ಟೋಕನ್ ಹಾಕಿ ಸರ್, ಇಲ್ಲಾಂದ್ರೆ ಗಾಡಿ ಹೋಗುತ್ತೆ" ಅಂತ ಯಾರಾದ್ರೂ ಅಂದಾಗ ನನಗೆ ಮೆನನ್ ನೆನಪಾಗ್ತಾರೆ.

1949ರಲ್ಲಿ ಪೂರ್ತಿ ತಯಾರಾದ ಕಾರಿನ ಆಮದೇ ಬಂದಾಯ್ತು. 1953ರಲ್ಲಿ ಸುಂಕ ಆಯೋಗ, ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದ ಕಂಪನಿ ಗಂಟುಮೂಟೆ ಕಟ್ಟಲಿ ಅಂತು. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಹೊರಟವು. ಉಳಿದಿದ್ದು ಕೈಬೆರಳಲ್ಲಿ ಎಣಿಸುವಷ್ಟು ಕಂಪನಿಗಳು. ವಿದೇಶಿ ಸ್ಪೋರ್ಟ್ಸ್ ಕಾರು ಬೇಕು ಅನ್ನುವವರು ರಾಯಭಾರಿಗಳು ಬಿಟ್ಟುಹೋದ ಗಾಡಿಗಳನ್ನ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುವಾಗ ಕಾಯಬೇಕಿತ್ತು. ಅದು ದೆಹಲಿ, ಮುಂಬೈ ಮಂದಿಯ ಆಟ. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರನ ಆಟ ಅಲ್ಲ.

ಇನ್ನು ಕತೆಯ ನಾಯಕಿಗೆ ಬರ್ತೀನಿ. ಸ್ಟಾಂಡರ್ಡ್ ಹೆರಾಲ್ಡ್.

ಫೆಬ್ರವರಿಯಲ್ಲಿ ರಾಣೇಬೆನ್ನೂರಿನ ಪರಿಚಯದ ಮೆಕ್ಯಾನಿಕ್ ಒಬ್ರು ಫೋನ್ ಮಾಡಿದ್ರು. "ತಮ್ಮಾ, ನೀ ಕೇಳಿದ್ದು ಗಾಡಿ ಐತಿ. ಮ್ಯಾಲ ಏನೂ ಇಲ್ಲ." ಹತ್ತಿ ಗೋದಾಮಿನ ಹಿಂದಿನ ಶೆಡ್ಡಲ್ಲಿ, ಗೊಬ್ಬರದ ಚೀಲಗಳ ಆಚೆ, ನಿಂತಿತ್ತು. ತಿಳಿಹಸಿರು ಬಣ್ಣ ಇದ್ದಿರಬೇಕು, ಈಗ ಧೂಳಿನ ಬಣ್ಣ. ಎರಡು ಬಾಗಿಲು, ಹಿಂದೆ ಸಣ್ಣ ರೆಕ್ಕೆ, ಚಾವಣಿ ಇಲ್ಲ. ಯಾರೋ ಮದುವೆ ಮೆರವಣಿಗೆಗೆ ಅಂತ ತೆಗೆಸಿದ್ರಂತೆ. ಕೇಳಿದ್ದು ಒಂದೂಮುಕ್ಕಾಲು ಲಕ್ಷ. ನನಗೆ ಆ ಕ್ಷಣಕ್ಕೆ ಜೇಬಿಗೆ ಕೈ ಹೋಗಿತ್ತು ಅಂದ್ರೆ ನಂಬಿ.

ಈ ಕಾರಿನ ಚಾವಣಿಯ ಹಿಂದೆ ದೊಡ್ಡ ಇತಿಹಾಸ ಇದೆ. ಇಂಗ್ಲೆಂಡಿನ ಸ್ಟಾಂಡರ್ಡ್ ಟ್ರಯಂಫ್ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದುದು ಫಿಶರ್ ಅಂಡ್ ಲಡ್ಲೋ. 1953ರಲ್ಲಿ ಪ್ರತಿಸ್ಪರ್ಧಿ ಬಿಎಂಸಿ ಆ ಕಂಪನಿಯನ್ನೇ ಕೊಂಡುಬಿಡ್ತು. ಹೊಸ ಕಾರಿಗೆ ಪೂರ್ತಿ ಮೈ ಅಚ್ಚೊತ್ತಿಕೊಡುವವರೇ ಇಲ್ಲ! ಎಲ್ಲರೂ ಆಗ ಚಾಸಿ ಬಿಟ್ಟು, ಮೈಯನ್ನೇ ಅಸ್ಥಿಪಂಜರ ಮಾಡುವ ಹೊಸ ಪದ್ಧತಿಗೆ ಹೊರಳುತ್ತಿದ್ದ ಕಾಲ. ಇವರು ಹಿಂದಕ್ಕೆ ಹೋದರು. ಗಟ್ಟಿಯಾದ ಪ್ರತ್ಯೇಕ ಚಾಸಿ ಹಾಕಿ, ಮೈಯನ್ನ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಬೋಲ್ಟಿನಿಂದ ಕೂಡಿಸಿದ್ರು. ಟ್ಯೂರಿನ್ನಿನ ಜಿಯೋವಾನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟ. 1959ರಲ್ಲಿ ಟ್ರಯಂಫ್ ಹೆರಾಲ್ಡ್ ಬಂತು. ಚಾವಣಿಯೂ ಬೋಲ್ಟ್ ಹಾಕಿದ್ದೇ. ಅದನ್ನ ಬಿಚ್ಚಿದ ಮಾದರಿಯೇ 1960ರ ಕನ್ವರ್ಟಿಬಲ್. ಅದೇ ಚಾಸಿಯನ್ನ ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿ ಮೇಲೆ ಚೆಂದದ ಮೈ ಬರೆದಾಗ ಹುಟ್ಟಿದ್ದು 1962ರ ಟ್ರಯಂಫ್ ಸ್ಪಿಟ್‌ಫೈರ್, 1980ರವರೆಗೆ 3 ಲಕ್ಷಕ್ಕೂ ಹೆಚ್ಚು ತಯಾರಾದ ಜನಪ್ರಿಯ ಸ್ಪೋರ್ಟ್ಸ್ ಕಾರು. ಅಂದ್ರೆ ಶೆಡ್ಡಿನಲ್ಲಿದ್ದ ಧೂಳಿನ ಬಣ್ಣದವಳು ಸ್ಪಿಟ್‌ಫೈರಿನ ಸ್ವಂತ ಅಕ್ಕ.

ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಕಂಪನಿ ಇನ್ನೊಂದನ್ನ ಕೊಂಡಿದ್ದಕ್ಕೆ ರಾಣೇಬೆನ್ನೂರಿನಲ್ಲಿ ಒಬ್ಬ ವೆಲ್ಡರ್ ಚಾವಣಿ ತೆಗೆಯುವಂತಾಯ್ತು ನೋಡಿ. ಮಾರುತಿ 800ರ ಚಾವಣಿ ಕತ್ತರಿಸಿದ್ರೆ ಕಾರು ನಡು ಮುರಿದುಕೊಳ್ಳುತ್ತೆ, ಯಾಕಂದ್ರೆ ಅಲ್ಲಿ ಚಾವಣಿಯೂ ಭಾರ ಹೊರುತ್ತೆ. ಹೆರಾಲ್ಡಿನಲ್ಲಿ ಭಾರವೆಲ್ಲ ಚಾಸಿಯದ್ದು.

ಭಾರತಕ್ಕೆ ಇದು ಬಂದಿದ್ದು 1961ರಲ್ಲಿ. ಮದರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ತಯಾರಿಸ್ತು, 948 ಸಿಸಿ ಎಂಜಿನ್ ಹಾಕಿ. ಇಂಗ್ಲೆಂಡಿನಲ್ಲಿ ಸ್ಟಾಂಡರ್ಡ್ ಅನ್ನೋ ಹೆಸರಿಗೆ ಅಷ್ಟೊತ್ತಿಗೆ ಮರ್ಯಾದೆ ಕಡಿಮೆಯಾಗಿತ್ತು. ಡಿಲಕ್ಸ್ ಅಲ್ಲದ್ದೆಲ್ಲ ಸ್ಟಾಂಡರ್ಡ್ ಅನ್ನೋ ಅರ್ಥ ಬಂದಿತ್ತು. ಹಾಗಾಗಿ 1963ಕ್ಕೆ ಅಲ್ಲಿ ಆ ಹೆಸರನ್ನೇ ಕೈಬಿಟ್ರು. ನಮ್ಮಲ್ಲಿ ಅದೇ ಹೆಸರು ಮೆರೀತು. ಅಂಬಾಸಿಡರ್ ಅಂದ್ರೆ ಸರ್ಕಾರ, ಫಿಯಟ್ ಅಂದ್ರೆ ಸಂಸಾರ, ಹೆರಾಲ್ಡ್ ಅಂದ್ರೆ ಡಾಕ್ಟರು, ಲಾಯರು, ಹೊಸದಾಗಿ ಮದುವೆಯಾದವರು. 1960ರ ದಶಕದ ಕೊನೆಗೆ ನಾಲ್ಕು ಬಾಗಿಲಿನ ಮಾರ್ಕ್ 3 ಬಂತು. ಇಂಗ್ಲೆಂಡಿನಲ್ಲೂ ಇಲ್ಲದ ಮಾದರಿ ಅದು, ನಮ್ಮ ಕೂಡುಕುಟುಂಬಕ್ಕಾಗಿಯೇ ಮಾಡಿದ್ದು. 1971ರಲ್ಲಿ ಹೆರಾಲ್ಡ್ ನಿಂತು ಗೆಝಲ್ ಬಂತು, ಆಮೇಲೆ 1980ರ ದಶಕದಲ್ಲಿ ಸ್ಟಾಂಡರ್ಡ್ 2000, ಅಲ್ಲಿಗೆ ಕಂಪನಿಯ ಕಾರಿನ ಕತೆ ಮುಗೀತು.

ಇಡೀ ಬಾನೆಟ್ಟು ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತೆ, ಮಡ್‌ಗಾರ್ಡ್ ಸಮೇತ. ಟಯರಿನ ಮೇಲೆ ಕೂತು ಎಂಜಿನ್ ರಿಪೇರಿ ಮಾಡಬಹುದು. ತಿರುಗುವ ಸುತ್ತಳತೆಯ ವ್ಯಾಸ ಬರೀ 25 ಅಡಿ. ಬ್ಯಾಡಗಿ ಪೇಟೆಯ ಓಣಿಗೆ ಹೇಳಿ ಮಾಡಿಸಿದ್ದು. ಆದರೆ ಹಿಂದಿನ ಚಕ್ರದ ಕಡೆ ಒಂದು ಪಿಶಾಚಿ ಇದೆ: ಸ್ವಿಂಗ್ ಆಕ್ಸಲ್. ಎಡ ಬಲದ ಆಕ್ಸಲ್‌ಗಳು ನಡುವಿನ ಡಿಫರೆನ್ಷಿಯಲ್ ಹತ್ತಿರ ಮಾತ್ರ ಮಣಿಯುತ್ತವೆ, ಮೇಲೊಂದು ಅಡ್ಡ ಪಟ್ಟಿ ಸ್ಪ್ರಿಂಗ್. ತಿರುವಿನಲ್ಲಿ ಜೋರಾಗಿ ಹೋಗಿ ಹೆದರಿ ತಟ್ಟನೆ ಆಕ್ಸಿಲರೇಟರ್ ಬಿಟ್ರಿ ಅಂದ್ಕೊಳ್ಳಿ, ಹಿಂಭಾಗ ಮೇಲೇಳುತ್ತೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ, ಹಿಡಿತ ಹೋಗುತ್ತೆ. ಸ್ಪಿಟ್‌ಫೈರಿಗೂ ಇದೇ ರೋಗ, 1970ರಲ್ಲಿ ಸ್ಪ್ರಿಂಗಿನ ಜೋಡಣೆ ಬದಲಿಸಿ ಮದ್ದು ಮಾಡಿದ್ರು. ಮುಂದಿನ ಚಕ್ರದ ಟ್ರನಿಯನ್‌ಗೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಹಾಕಬೇಕು. ಗೊತ್ತಿಲ್ಲದವರು ಗ್ರೀಸ್ ತುಂಬ್ತಾರೆ, ಒಂದು ದಿನ ಮುಂದಿನ ಚಕ್ರ ತಾನೊಂದು ದಾರಿ ಹಿಡಿಯುತ್ತೆ.

ನಾನು ಶೆಡ್ಡಲ್ಲಿ ಮಲಗಿ ಟಾರ್ಚ್ ಹಾಕಿ ನೋಡಿದೆ. ಚಾಸಿಯ ಪಕ್ಕದ ತೋಳುಗಳಿಗೆ ತುಕ್ಕು. ಸ್ಕ್ರೂಡ್ರೈವರ್ ಒತ್ತಿದ್ರೆ ಹಪ್ಪಳ. ಚಾವಣಿಯನ್ನ ಬೋಲ್ಟ್ ಬಿಚ್ಚಿ ತೆಗೆದಿರಲಿಲ್ಲ, ಗ್ಯಾಸಿನಲ್ಲಿ ಕತ್ತರಿಸಿದ್ರು! ಅಷ್ಟೆಲ್ಲ ಇತಿಹಾಸ ಇಟ್ಕೊಂಡ ಬೋಲ್ಟು ಇನ್ನೂ ಅಲ್ಲೇ ಇತ್ತು, ತುಂಡು ತಗಡಿನ ಜೊತೆ. ಯಾರೂ ಸ್ಪ್ಯಾನರ್ ಹಾಕಿ ನೋಡಲೇ ಇಲ್ಲ. ಅವತ್ತು ನನಗಾದ ಸಿಟ್ಟು ಯಾವ ಪ್ರೊಡಕ್ಷನ್ ಬಗ್‌ಗೂ ಬಂದಿಲ್ಲ.

ಇದರ ಮೇಲೆ ಕಾಗದದ ಸಮಸ್ಯೆ. ಆರ್‌ಸಿ ತೀರಿಹೋದ ಮಾಲೀಕರ ಹೆಸರಲ್ಲಿದೆ, ನವೀಕರಣ ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿದೆ. 50 ವರ್ಷ ದಾಟಿರಬೇಕು, ಶುಲ್ಕ 20,000 ರೂಪಾಯಿ, 10 ವರ್ಷ ಬಾಳಿಕೆ, ನಂಬರಿನಲ್ಲಿ ವಿಎ ಅಂತ ಬರುತ್ತೆ, ದಿನಬಳಕೆಗಲ್ಲ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಗ್ಯಾಸ್ ಕಟರ್ ಆಡಿದ ಮೇಲೆ ಎಲ್ಲಿಯ ಮೂಲ ರೂಪ? ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಡಾಖಂಡಿತವಾಗಿ ಹೇಳಿತು. ಯೂಟ್ಯೂಬಿನಲ್ಲಿ ಹಳೇ ಎಸ್ಟೀಮ್ ಕತ್ತರಿಸಿ ಕನ್ವರ್ಟಿಬಲ್ ಮಾಡಿಕೊಡುವವರನ್ನ ನೋಡಿ ಆಸೆಪಡುವ ಗೆಳೆಯರು ಇದನ್ನ ಗಮನಿಸಿ. ದುಡ್ಡೂ ಹೋಗುತ್ತೆ, ಗಾಡಿಯೂ ಹೋಗುತ್ತೆ, ಅಪಘಾತವಾದ್ರೆ ವಿಮೆಯೂ ಕೈ ಕೊಡಬಹುದು.

ಮೆಕ್ಯಾನಿಕ್ಕಿಗೆ ಚಹಾ ಕುಡಿಸಿ ವಾಪಸ್ ಬಂದೆ. ಹಾವೇರಿ ತನಕ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರೀ ಆ ಬೋಲ್ಟಿನದ್ದೇ ಯೋಚನೆ.

ಉಳಿದ ಆಯ್ಕೆಗಳನ್ನ ಬೇಗ ಹೇಳಿಬಿಡ್ತೀನಿ. ನಮ್ಮ ಬೆಂಗಳೂರಿನಲ್ಲೇ ಸಿಪಾನಿಯವರು 1980ರ ದಶಕದಲ್ಲಿ ಡಾಲ್ಫಿನ್ ಅನ್ನೋ ಕಾರು ಮಾಡಿದ್ರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ರೂಪ, 848 ಸಿಸಿ ಎಂಜಿನ್, ಫೈಬರ್ ಗ್ಲಾಸ್ ಮೈ, ಹಿಂದಿನ ಚಕ್ರದ ಚಾಲನೆ. ಹಗುರ ಇದ್ದದ್ದಕ್ಕೆ ರೇಸು, ರ‍್ಯಾಲಿ ಮಂದಿ ಇಷ್ಟಪಟ್ರು. ಅದೇ ಹೊತ್ತಿಗೆ, 1983ರ ಡಿಸೆಂಬರಿನಲ್ಲಿ, ಮಾರುತಿ 800 ಬಂತು. ಡಾಲ್ಫಿನ್ ನೀರಿಲ್ಲದೆ ಸತ್ತುಹೋಯ್ತು. ಅದಕ್ಕೆ ಚಾವಣಿ ಇತ್ತು, ಹಾಗಾಗಿ ನನ್ನ ಪಟ್ಟಿಗಿಲ್ಲ. 1998ರಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ನಿಜವಾದ ತೆರೆದ ಕಾರು ಬಂತು, ಗೋವಾದಲ್ಲಿ ತಯಾರು, ರೆನೋ 1.2 ಲೀಟರ್ ಎಂಜಿನ್. ನೋಡೋಕೆ ಸಕತ್. ಆದರೆ ಮುಂದಿನ ಚಕ್ರ ಎಳೆಯೋದು, ಬಿಡಿಭಾಗ ಹುಡುಕೋದು ತೀರ್ಥಯಾತ್ರೆ. ಮಾರುತಿ ಜಿಪ್ಸಿ, 1985ರಿಂದ 2018-19ರವರೆಗೆ, ಬಟ್ಟೆ ಚಾವಣಿಯದ್ದು ಕಾರ್ಖಾನೆಯಿಂದಲೇ ಬರುತ್ತಿತ್ತು, ಮಾಮೂಲಿ ಓಟದಲ್ಲಿ ಹಿಂದಿನ ಚಕ್ರವೇ. ಇದು ಒಳ್ಳೇ ಆಯ್ಕೆ. ಆದರೆ ನಿಂತುಹೋದ ಮೇಲೆ ಬೆಲೆ ಆಕಾಶಕ್ಕೆ ಏರಿದೆ, ನನ್ನ ನಾಲ್ಕು ಲಕ್ಷಕ್ಕೆ ಸಿಕ್ಕಿದ್ದೆಲ್ಲ ಕೆಸರಿನಲ್ಲಿ ಮುಳುಗೆದ್ದು ಬಂದವೇ. ಪಂಜಾಬ್ ಗಡಿಯ ಮಂಡಿ ಡಬ್ವಾಲಿಯಲ್ಲಿ ಹೊಚ್ಚಹೊಸದಂತೆ ಕಾಣುವ ಜೀಪು ಕಟ್ಟಿಕೊಡ್ತಾರೆ, ಅಲ್ಲೂ ಅದೇ 52ನೇ ಕಲಮಿನ ಕಾಟ.

ಇಷ್ಟೆಲ್ಲ ಕಳೆದು ಕೂಡಿ ನೋಡಿದ್ರೆ ಉಳಿದಿದ್ದು ಒಂದೇ. ನಾನು ಹುಟ್ಟಿದಾಗಿನಿಂದ ಮನೆ ಮುಂದೆ ನೋಡಿದ್ದು.

ಮಹೀಂದ್ರಾದವರು 1940ರ ದಶಕದ ಕೊನೆಗೆ ಮುಂಬೈಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪು ಜೋಡಿಸೋಕೆ ಶುರು ಮಾಡಿದ್ರು. ಅಂದ ಹಾಗೆ ಕಂಪನಿ 1945ರಲ್ಲಿ ಹುಟ್ಟಿದಾಗ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಆ ಮೊಹಮ್ಮದ್, ಅಂದ್ರೆ ಗುಲಾಂ ಮೊಹಮ್ಮದ್, ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಗಿ ಮೊದಲು ಹಣಕಾಸು ಮಂತ್ರಿ, ಆಮೇಲೆ ಗವರ್ನರ್ ಜನರಲ್ಲೇ ಆದ್ರು. 1950ರ ದಶಕದಲ್ಲಿ ಸಿಜೆ-3ಬಿ ಮಾದರಿ ಬಂತು. ಅದರ ಎಂಜಿನ್ ಎತ್ತರ ಜಾಸ್ತಿ, ಅದಕ್ಕೇ ಬಾನೆಟ್ಟೂ ಎತ್ತರ. ನಮ್ಮ ಊರಿನ ಜೀಪಿನ ಹಣೆ ಯಾಕೆ ಅಷ್ಟು ಉಬ್ಬಿದೆ ಅಂತ ಸಣ್ಣವನಿದ್ದಾಗ ಕೇಳ್ತಿದ್ದೆ, ಉತ್ತರ ಇದು. ಅಮೆರಿಕದಲ್ಲಿ ಆ ಮಾದರಿ 1968ರಲ್ಲೇ ನಿಂತಿತು. ನಮ್ಮಲ್ಲಿ ಅದೇ ಹಣೆಯ ಮೊಮ್ಮಕ್ಕಳು ಮುಂದೆ ದಶಕಗಳ ಕಾಲ ಓಡಿದ್ವು. 1973ರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲ್ ಜೀಪು ಸಾಕೋದು ಆನೆ ಸಾಕಿದಂತಾಯ್ತು, ಡೀಸೆಲ್ ಎಂಜಿನ್ ಬಂದವು. 1980ರ ದಶಕದ ಎಂಎಂ 540 ಜೀಪಿಗೆ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್.

ನಮ್ಮಪ್ಪನದು ಜೀಪು ಹೊಡೆಯುವ ಕೆಲಸ. ಬ್ಯಾಡಗಿಯಿಂದ ಕಾಗಿನೆಲೆ ಕಡೆಗೆ. 2001ರಲ್ಲಿ ಹಳೇ ಡೀಸೆಲ್ ಜೀಪು ತಗೊಂಡಿದ್ದು, ಸೊಸೈಟಿ ಸಾಲ ಮಾಡಿ. ಬಸ್ಸು ದಿನಕ್ಕೆ ಎರಡು ಸಲ ಬಂದ್ರೆ ಹೆಚ್ಚಿದ್ದ ಹಳ್ಳಿಗಳಿಗೆ ಇದೇ ಆಧಾರ. ಸೋಮವಾರ, ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಜೋರು. ಆ ದಿನ ಜೀಪಿನಲ್ಲಿ ಕೂತವರ ಲೆಕ್ಕ ಇಡಬಾರದು. ಹಿಂದಿನ ಚಕ್ರದ ಚಾಲನೆ ಯಾಕೆ ಬೇಕು ಅಂತ ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅರ್ಥವಾಗಿದ್ದಲ್ಲ. ಹಿಂದೆ ಹನ್ನೆರಡು ಜನ ಕೂತು, ಇಬ್ಬರು ಜೋತುಬಿದ್ದಾಗ ಮುಂದಿನ ಚಕ್ರ ನೆಲ ಮುಟ್ಟೋದೇ ಅನುಮಾನ. ಭಾರ ಎಲ್ಲಿದೆಯೋ ಅಲ್ಲೇ ಹಿಡಿತ, ಹಿಡಿತ ಇದ್ದಲ್ಲೇ ಎಂಜಿನ್ನಿನ ಬಲ ಹೋಗಬೇಕು. ಮಿಯಾಟಾ ಓಡಿಸುವವರು ತಿರುವಿನಿಂದ ಚಿಮ್ಮಿ ಹೊರಬರೋಕೆ ಬಳಸುವ ಭೌತಶಾಸ್ತ್ರವೂ ಇದೇ, ಅಲ್ಲಿ ಹನ್ನೆರಡು ಜನ ಇಲ್ಲ ಅಷ್ಟೇ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೆಂಪು ರಾಶಿಗಳ ಪಕ್ಕ ತೆರೆದ ಜೀಪು ಹೋದ್ರೆ ಒಳಗಿದ್ದವರೆಲ್ಲ ಒಟ್ಟಿಗೆ ಸೀನುತ್ತಿದ್ರು. ಬ್ಯಾಡಗಿ ಕಾಯಿ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಪುಸ್ತಕದಲ್ಲಿ ಬರೀತಾರೆ. ಬರೆದವರು ತೆರೆದ ಗಾಡಿಯಲ್ಲಿ ಹೋಗಿಲ್ಲ :-)

2015ರಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಕ್ತು. ಫೀಸು, ಹಾಸ್ಟೆಲ್ಲು, ಮೊದಲ ವರ್ಷದ್ದು ಒಟ್ಟಿಗೆ ಕಟ್ಟಬೇಕಿತ್ತು. ಕಾಲೇಜಿಗೆ ಹೋಗುವ ಹಿಂದಿನ ವಾರ ಮನೆ ಮುಂದೆ ಜೀಪಿರಲಿಲ್ಲ. ರಿಪೇರಿಗೆ ಬಿಟ್ಟೀನಿ ಅಂದ್ರು. ನಾನೂ ನಂಬಿದೆ. ದೀಪಾವಳಿಗೆ ಬಂದಾಗ ಅಪ್ಪ ಬೇರೆಯವರ ಟ್ರ್ಯಾಕ್ಸ್ ಹೊಡೀತಿದ್ರು. ಆ ಮಾತನ್ನ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಹತ್ತು ವರ್ಷ.

ಅದೇ ಜೀಪು ಹುಡುಕಿದೆ ಅಂತ ಬರೆದ್ರೆ ಸಿನಿಮಾ ಆಗುತ್ತೆ. ಹುಡುಕಿದೆ ಕೂಡ. ಅದು 2019ರಲ್ಲೇ ಗುಜರಿಗೆ ಹೋಗಿದೆ. ಆರ್‌ಸಿ ನಂಬರ್ ಹಾಕಿ ನೋಡಿದಾಗ ಗೊತ್ತಾಯ್ತು.

ಸಿಕ್ಕಿದ್ದು ಇನ್ನೊಂದು. ಹಾವೇರಿ ಹತ್ತಿರದ ಒಂದು ತೋಟದಲ್ಲಿ, 1994ರ ಎಂಎಂ 540, ಬಿಳಿ ನಂಬರ್ ಪ್ಲೇಟಿನ ಸ್ವಂತ ಬಳಕೆಯ ಗಾಡಿ. ನಂಬರು ಕೆಎ 25, ಅಂದ್ರೆ ಧಾರವಾಡ. ಹಾವೇರಿ ಜಿಲ್ಲೆಯಾಗಿದ್ದು 1997ರ ಆಗಸ್ಟಿನಲ್ಲಿ, ನಾನು ಹುಟ್ಟಿದ ವರ್ಷ. ಕೆಎ 27 ಆಮೇಲೆ ಬಂದಿದ್ದು, ರಾಣೇಬೆನ್ನೂರಿನ ಕೆಎ 68 ಇನ್ನೂ ಆಮೇಲೆ. ಬಟ್ಟೆ ಚಾವಣಿ ಅಂತ ಆರ್‌ಸಿಯಲ್ಲೇ ಇದೆ, ಕಾರ್ಖಾನೆಯದ್ದೇ, ಗ್ಯಾಸ್ ಕಟರ್ ಮುಟ್ಟಿಲ್ಲ. ನವೀಕರಣ ಚಾಲ್ತಿಯಲ್ಲಿದೆ. ಮುಂದಿನ ಬಾರಿ ಮಾಡಿಸುವಾಗ ಮಾತ್ರ ಜೇಬಿಗೆ ಭಾರ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿಗೆ 5,000 ಇದ್ದ ಶುಲ್ಕ, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಿಂದ 10,000 ಆಗಿದೆ, ಹಸಿರು ತೆರಿಗೆ ಬೇರೆ. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಪೆನ್ಸಿಲ್ ಉಜ್ಜಿ ಕಾಗದಕ್ಕೆ ಇಳಿಸಿಕೊಂಡು ಆರ್‌ಸಿ ಜೊತೆ ಹೋಲಿಸಿದೆ. ಚಾಸಿಯ ಕೆಳಗೆ ಸ್ಕ್ರೂಡ್ರೈವರ್ ಒತ್ತಿದೆ, ಹಪ್ಪಳ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿದೆ, ನೀಲಿ ಹೊಗೆ ಒಂದು ನಿಮಿಷಕ್ಕೆ ನಿಂತಿತು. ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನ ಯಾರೋ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ರು, ಡೀಸೆಲ್ ಉಳೀಲಿ ಅಂತ. ಹಾಗಾಗಿ ಸದ್ಯಕ್ಕೆ ನನ್ನದು ಅಪ್ಪಟ ಹಿಂದಿನ ಚಕ್ರದ ಚಾಲನೆ! ಮಾತುಕತೆ ಎರಡು ಲಕ್ಷ ಅರವತ್ತು ಸಾವಿರಕ್ಕೆ ಮುಗೀತು. ಅಡ್ವಾನ್ಸ್ ಕೊಡಲಿಲ್ಲ, ಗಾಡಿ ಕೈಗೆ ಬಂದ ಮೇಲೆ ಪೂರ್ತಿ ಕೊಟ್ಟೆ. ಬ್ರೇಕು, ಟಯರು, ಕಿಂಗ್ ಪಿನ್, ಹೊಸ ಬಟ್ಟೆ ಚಾವಣಿ ಎಲ್ಲ ಸೇರಿ ಇನ್ನೂ ತೊಂಬತ್ತು ಸಾವಿರ.

ಸ್ಪೋರ್ಟ್ಸ್ ಕಾರು ಅಂತ ಹೇಳೋಕಾಗಲ್ಲ ಬಿಡಿ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಕೇಳಬೇಡಿ, ನೂರು ಇನ್ನೂ ನೋಡಿಲ್ಲ. ಎಂಬತ್ತಕ್ಕೇ ಕನ್ನಡಿಯಲ್ಲಿ ಮೂರು ಮೂರು ಲಾರಿ ಕಾಣಿಸುತ್ತೆ, ಅಷ್ಟು ನಡುಕ.

ಕಳೆದ ಭಾನುವಾರ ಸಂಜೆ ಊರಿಗೆ ತಂದೆ. ಮೋಟೆಬೆನ್ನೂರಿನ ಹತ್ತಿರ ಹೈವೇ ಬಿಟ್ಟು ಬ್ಯಾಡಗಿ ಕಡೆ ತಿರುಗಿದಾಗ ಚಾವಣಿ ಮಡಚಿ ಹಿಂದಕ್ಕೆ ಕಟ್ಟಿದ್ದೆ, ಗಾಳಿ ತಣ್ಣಗಿತ್ತು. ಮನೆ ಮುಂದೆ ನಿಲ್ಲಿಸಿದೆ. ಅಪ್ಪ ಒಳಗಿಂದ ಬಂದು ಒಂದು ಸುತ್ತು ಹಾಕಿದ್ರು, ಎಡಗಡೆ ಹಿಂದಿನ ಟಯರಿಗೆ ಒದ್ದು ನೋಡಿದ್ರು, ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಒತ್ತಿದ್ರು. ಎಷ್ಟಕ್ಕ ತಗೊಂಡಿ ಅಂದ್ರು. ಹೇಳಿದೆ. "ನಲವತ್ ಸಾವಿರ ಹೆಚ್ಗಿ ಕೊಟ್ಟಿ" ಅಂತ ಡ್ರೈವರ್ ಸೀಟಿನಲ್ಲಿ ಕೂತರು. ಕ್ಲಚ್ ಎರಡು ಸಲ ತುಳಿದು, ಗೇರ್ ಹಾಕಿ, ನನ್ನ ಕಡೆ ತಿರುಗಿ, "ತಾಡಪತ್ರಿ ಹಗ್ಗ ಹಿಂಗ್ ಕಟ್ಟತಾರೇನಲೇ?" ಅಂದ್ರು. ನಾನು ಇಳಿದು ಹಗ್ಗ ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಜೀಪು ಓಣಿಯ ತಿರುವು ದಾಟಿತ್ತು, ನನ್ನನ್ನ ಬಿಟ್ಟು.